ಆರು ಎಪಿ, ಒಂದೇ ಸಂಜೆ

ತಮ್ಮ: ಅಕ್ಕಾ, ವಾಟ್ಸ್ಯಾಪ್‌ನಲ್ಲಿ ಕಳಿಸಿದ ಹಾಳೆ ನೋಡಿದೆಯಾ? ಶುಕ್ರವಾರದೊಳಗೆ ಸಹಿ ಹಾಕಿ ಕೊಡಬೇಕು. ಬರುವ ವರ್ಷ ಪುಟ್ಟಿ ಹನ್ನೊಂದನೇ ಕ್ಲಾಸು. ಕಾಲೇಜಿನವರು ಕಣ್ಣಲ್ಲಿ ಕಣ್ಣಿಟ್ಟು ನೋಡೋದೇ ಆ ವರ್ಷದ ಓದನ್ನ.

ಅಕ್ಕ: ನೋಡಿದೆ. ಕೆಮಿಸ್ಟ್ರಿ, ಫಿಸಿಕ್ಸ್ ಸಿ, ಕ್ಯಾಲ್ಕುಲಸ್ ಬಿಸಿ, ಯು.ಎಸ್. ಹಿಸ್ಟರಿ, ಇಂಗ್ಲಿಷ್ ಲ್ಯಾಂಗ್ವೇಜ್, ಕಂಪ್ಯೂಟರ್ ಸೈನ್ಸ್ ಎ. ಆರೂ ಎಪಿ. ಅದರ ಜೊತೆಗೆ ಸ್ಪ್ಯಾನಿಷ್, ಪಿ.ಇ. ಇದನ್ನ ತುಂಬಿದ್ದು ಯಾರು, ಅವಳಾ ನೀನಾ?

ತಮ್ಮ: ಇಬ್ಬರೂ ಕೂತು ತುಂಬಿದ್ವಿ. ಅವಳು ನಾಲ್ಕು ಬರೆದಿದ್ದಳು. ಅವಳ ಗೆಳತಿಯರು ಐದು ಐದು ತಗೋತಿದ್ದಾರೆ, ಒಬ್ಬಳು ಆರು. ಅದನ್ನ ಕೇಳಿದ ಮೇಲೆ ಇನ್ನೆರಡು ಸೇರಿಸು ಅಂತ ನಾನೇ ಅಂದೆ.

ಅಕ್ಕ: ಸೇರಿಸಿದ್ದು ಫಿಸಿಕ್ಸು, ಕಂಪ್ಯೂಟರ್ ಸೈನ್ಸು. ಹೌದು ತಾನೆ?

ತಮ್ಮ: ಹೌದು. ಹೇಗೆ ಗೊತ್ತಾಯ್ತು?

ಅಕ್ಕ: ಎರಡೂ ನಿನ್ನ ಓದು, ಅದಕ್ಕೇ. ತಪ್ಪು ಅಂತಿಲ್ಲ. ಅಪ್ಪಂದಿರು ತಾವು ಬಲ್ಲ ದಾರಿಯನ್ನೇ ಮಕ್ಕಳಿಗೂ ತೋರಿಸೋದು ಸಹಜ. ಆದರೆ ಆರು ಬೇಡ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳೋಕೆ ಸ್ವಲ್ಪ ಹೊತ್ತು ಬೇಕು.

ತಮ್ಮ: ಎಪಿ ಕೆಮಿಸ್ಟ್ರಿ ಪಾಠ ಮಾಡೋಳು ನೀನು. ನೀನೇ ಬೇಡ ಅಂದರೆ ನಾನು ಯಾರನ್ನ ಕೇಳಲಿ?

ಅಕ್ಕ: ಪಾಠ ಮಾಡೋದರಿಂದಲೇ ಹೇಳ್ತಿರೋದು. ಮೊನ್ನೆ ಅಮ್ಮ ಫೋನಿನಲ್ಲಿ ಕೇಳಿದಳು, ಪುಟ್ಟಿ ವಿಷಯಕ್ಕೆ ಎಪಿ ಎಪಿ ಅಂತೀರಲ್ಲ, ಹಾಗಂದ್ರೇನು ಅಂತ. ಹೈಸ್ಕೂಲಲ್ಲೇ ಕಾಲೇಜಿನ ಮೊದಲ ವರ್ಷದ ಪಾಠ ಓದೋದು, ಮೇ ತಿಂಗಳಲ್ಲಿ ಕಾಲೇಜ್ ಬೋರ್ಡಿನವರ ಪರೀಕ್ಷೆ, ಒಂದರಿಂದ ಐದರವರೆಗೆ ಸ್ಕೋರ್, ಚೆನ್ನಾಗಿ ಬಂದರೆ ಕಾಲೇಜಿನಲ್ಲಿ ಕ್ರೆಡಿಟ್ ಸಿಗಬಹುದು ಅಂತ ಬಿಡಿಸಿ ಹೇಳಿದೆ. ಎಲ್ಲಾ ಕೇಳಿಸಿಕೊಂಡು ಅಮ್ಮ, ‘ಕಾಲೇಜಿನ ಪಾಠ ಕಾಲೇಜಿಗೆ ಹೋದ ಮೇಲೆ ಓದಿದರೆ ಆಗಲ್ವಾ?’ ಅಂದಳು. ತಕ್ಷಣಕ್ಕೆ ನನಗೆ ಉತ್ತರ ಹೊಳೀಲಿಲ್ಲ.

ತಮ್ಮ: ಅಮ್ಮನಿಗೆ ಇಲ್ಲಿನ ಪೈಪೋಟಿ ಗೊತ್ತಿಲ್ಲ.

ಅಕ್ಕ: ಪೈಪೋಟಿಯ ವಿಷಯಕ್ಕೆ ಬರ್ತೀನಿ. ಅಮ್ಮ ಕೇಳಿದ್ದಕ್ಕೆ ಮೊದಲು ಉತ್ತರ ಹುಡುಕೋಣ, ಯಾಕಂದರೆ ಎಪಿ ಹುಟ್ಟಿದ್ದೇ ಆ ಪ್ರಶ್ನೆಯಿಂದ. 1950ರ ದಶಕದ ಶುರುವಿನಲ್ಲಿ ಆಂಡೋವರ್, ಎಕ್ಸೆಟರ್, ಮತ್ತೆ ನಿಮ್ಮ ನ್ಯೂಜೆರ್ಸಿಯದೇ ಲಾರೆನ್ಸ್‌ವಿಲ್, ಈ ಮೂರು ಶಾಲೆಯವರು ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್‌ನವರ ಜೊತೆ ಕೂತು ಒಂದು ಅಧ್ಯಯನ ಮಾಡಿದರು. ಒಳ್ಳೆ ಶಾಲೆಯಲ್ಲಿ ಓದಿ ಬಂದ ಹುಡುಗರು ಕಾಲೇಜಿನ ಮೊದಲ ವರ್ಷ ಕಲಿತದ್ದನ್ನೇ ಮತ್ತೆ ಕಲಿಯುತ್ತಾ ಬೇಸತ್ತು ಹೋಗ್ತಾರೆ, ಅದನ್ನ ತಪ್ಪಿಸೋದು ಹೇಗೆ ಅನ್ನೋದು ಅವರ ಚಿಂತೆ. ಫೋರ್ಡ್ ಫೌಂಡೇಶನ್ ದುಡ್ಡು ಕೊಟ್ಟಿತು. 1955ರಲ್ಲಿ ಕಾಲೇಜ್ ಬೋರ್ಡ್ ಅದನ್ನ ವಹಿಸಿಕೊಂಡಿತು. ಒಂದು ವಿಷಯದಲ್ಲಿ ಮುಂದಿರೋ ಹುಡುಗ ಆ ವಿಷಯದಲ್ಲಿ ಮುಂದೆ ಹೋಗಲಿ, ಮೂಲ ಉದ್ದೇಶ ಅಷ್ಟೇ. ಎಲ್ಲಾ ವಿಷಯದಲ್ಲೂ ಎಲ್ಲರೂ ಒಂದೇ ವರ್ಷದಲ್ಲಿ ಮುಂದೆ ಹೋಗಬೇಕು ಅನ್ನೋ ಮಾತು ಅಲ್ಲಿ ಇರಲಿಲ್ಲ.

ತಮ್ಮ: ಅವು ಶ್ರೀಮಂತರ ಶಾಲೆಗಳು. ಅವರಿಗೆ ಬೇಸರ ತಪ್ಪಿಸೋ ಯೋಚನೆ. ನಮ್ಮಂಥವರಿಗೆ ಇದು ಒಳಗೆ ಹೋಗೋ ಬಾಗಿಲು.

ಅಕ್ಕ: ಆ ಬಾಗಿಲು ತೆಗೆದವರ ಕಥೆಯನ್ನೂ ನೋಡು. ಈಸ್ಟ್ ಲಾಸ್ ಏಂಜಲೀಸ್‌ನ ಗಾರ್‌ಫೀಲ್ಡ್ ಹೈಸ್ಕೂಲಿನಲ್ಲಿ ಹೈಮೆ ಎಸ್ಕಲಾಂತೆ ಅಂತ ಗಣಿತದ ಮೇಷ್ಟ್ರು, ಬೊಲಿವಿಯಾದಿಂದ ಬಂದವರು. ಕೂಲಿ ಮಾಡೋ ಮೆಕ್ಸಿಕನ್ ಮನೆಗಳ ಮಕ್ಕಳಿಗೆ ಕ್ಯಾಲ್ಕುಲಸ್ ಹೇಳಿಕೊಟ್ಟರು. 1982ರಲ್ಲಿ 18 ಮಕ್ಕಳು ಎಪಿ ಕ್ಯಾಲ್ಕುಲಸ್ ಪಾಸಾದಾಗ ಪರೀಕ್ಷೆ ನಡೆಸಿದವರು ನಂಬಲಿಲ್ಲ. 14 ಜನರ ಮೇಲೆ ಅನುಮಾನ ಬಿತ್ತು. ಅವರಲ್ಲಿ 12 ಮಂದಿ ಮತ್ತೆ ಬರೆದರು, 12 ಮಂದಿಯೂ ಪಾಸು. ಆಮೇಲೆ ಸಿನಿಮಾನೂ ಬಂತು. ಅಲ್ಲಿ ನನ್ನ ಮನಸ್ಸು ಮುಟ್ಟೋದು ಆ ಮಕ್ಕಳು ಒಂದು ಕ್ಯಾಲ್ಕುಲಸ್‌ಗೆ ಸುರಿದ ಹೊತ್ತು. ಬೆಳಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ, ಬೇಸಿಗೆ ರಜದಲ್ಲಿ. ಒಂದು ವಿಷಯದ ಒಳಹೊಕ್ಕು ಕೂತಿದ್ದಕ್ಕೇ ಯಾರು ಎಷ್ಟು ಸಲ ಪರೀಕ್ಷಿಸಿದರೂ ಅದು ಅವರ ಕೈಬಿಡಲಿಲ್ಲ.

ತಮ್ಮ: ಕಥೆ ಚೆನ್ನಾಗಿದೆ ಅಕ್ಕಾ. ಆದರೆ ನಾವೇನು ಕಡಿಮೆ ಹೊರೆ ಹೊತ್ತಿದ್ವಾ? ಶಿವಮೊಗ್ಗದಲ್ಲಿ ಪಿಸಿಎಂಬಿ, ಎರಡು ಭಾಷೆ, ಮೇಲೆ ಸಿಇಟಿ. ನಮ್ಮನ್ನ ಯಾರು ಕೇಳಿದ್ದರು ಎಷ್ಟು ಬೇಕು ಅಂತ?

ಅಕ್ಕ: ಯಾರೂ ಕೇಳಿರಲಿಲ್ಲ. ನಾವು ಎಡವೋದೇ ಅಲ್ಲಿ. ಪಿಯುಸಿಯಲ್ಲಿ ಹೊರೆ ಎಲ್ಲರಿಗೂ ಒಂದೇ, ಆರು ವಿಷಯ ಅಂದರೆ ಆರು. ಅಂಕ ಮಾತ್ರ ಬೇರೆ ಬೇರೆ. ಹಾಗಾಗಿ ಇದ್ದದ್ದನ್ನ ಹೊತ್ತು ಅಂಕ ತೆಗೆಯೋದೇ ಬುದ್ಧಿವಂತಿಕೆ ಆಗಿತ್ತು. ಇಲ್ಲಿ ಹೊರೆ ಎಷ್ಟು ಅಂತ ನಾವೇ ಬರೆದುಕೊಡಬೇಕು. ಆ ಅಭ್ಯಾಸವೇ ನಮಗಿಲ್ಲ. ಅದಕ್ಕೇ ಖಾಲಿ ಜಾಗ ಕಂಡರೆ ತುಂಬಿಬಿಡ್ತೀವಿ.

ತಮ್ಮ: ಊರಲ್ಲಿ ಈಗಿನ ಪರಿಸ್ಥಿತಿ ಇನ್ನೂ ಬಿಗಿ. ಚಿಕ್ಕಪ್ಪನ ಮಗಳು ಇಂಟಿಗ್ರೇಟೆಡ್ ಕಾಲೇಜಿನ ಹಾಸ್ಟೆಲಲ್ಲಿ ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೂ ಓದ್ತಾಳೆ. ಪುಟ್ಟಿ ಅದರ ಅರ್ಧವೂ ಓದಲ್ಲ.

ಅಕ್ಕ: ಆ ಹುಡುಗಿ ಓದ್ತಿರೋದು ಮೂರೋ ನಾಲ್ಕೋ ವಿಷಯ, ಒಂದೇ ಪರೀಕ್ಷೆ ಕಡೆ ಮುಖ ಮಾಡಿ. ಅದು ಸರಿ ಅಂತ ನಾನು ಒಪ್ಪಲ್ಲ, ಅದರ ಮಾತು ಬೇರೆ. ಪುಟ್ಟಿಯ ಆರು ವಿಷಯ ಆರು ದಿಕ್ಕಿಗೆ ಎಳೀತವೆ. ಒಂದು ಪೆನ್ನು ತಗೋ. ಅವಳ ಒಂದು ದಿನ ಬರೆಯೋಣ. ಶಾಲೆ ಎಷ್ಟು ಹೊತ್ತಿಗೆ?

ತಮ್ಮ: ಏಳೂವರೆಗೆ. ಆರಕ್ಕೆ ಏಳ್ತಾಳೆ. ಮನೆಗೆ ಬರೋದು ಮೂರು ಗಂಟೆ.

ಅಕ್ಕ: ನಮ್ಮ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲು ಎಂಟೂವರೆಗೆ ಮುಂಚೆ ಶುರು ಮಾಡೋ ಹಾಗಿಲ್ಲ, ಕಾನೂನೇ ಇದೆ. ಹದಿಹರೆಯದ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅಂತ ಡಾಕ್ಟರುಗಳು ವರ್ಷಗಟ್ಟಲೆ ಹೇಳಿದ ಮೇಲೆ ಬಂದದ್ದು. ಅವಳಿಗೆ ಆ ಅನುಕೂಲ ಇಲ್ಲ. ಆರಕ್ಕೆ ಏಳಬೇಕಾದರೆ ಹತ್ತಕ್ಕೆ ಮಲಗಬೇಕು. ಮೂರರಿಂದ ಹತ್ತು, ಏಳು ಗಂಟೆ. ತಿಂಡಿ, ಊಟ, ಸ್ನಾನ, ಸ್ವಲ್ಪ ಸುಮ್ಮನೆ ಕೂರೋದು, ಎರಡು ಗಂಟೆ ಕಳಿ. ಸಂಗೀತದ ಪಾಠ?

ತಮ್ಮ: ಮಂಗಳವಾರ, ಗುರುವಾರ. ಹೋಗಿಬರೋದು ಸೇರಿ ಒಂದೂವರೆ ಗಂಟೆ. ಭಾನುವಾರ ಬೆಳಗ್ಗೆ ಕನ್ನಡ ಕೂಟದಲ್ಲಿ ಚಿಕ್ಕ ಮಕ್ಕಳಿಗೆ ಅ ಆ ಇ ಈ ಹೇಳಿಕೊಡ್ತಾಳೆ. ಅದನ್ನ ಬರುವ ವರ್ಷ ನಿಲ್ಲಿಸು ಅಂದಿದ್ದೀನಿ.

ಅಕ್ಕ: ಅದಕ್ಕೂ ಬರ್ತೀನಿ. ಸಂಗೀತ ಇಲ್ಲದ ದಿನ ಐದು ಗಂಟೆ, ಇರೋ ದಿನ ಮೂರೂವರೆ. ಎಪಿ ಕ್ಲಾಸಿಗೆ ದಿನಕ್ಕೆ ಒಂದು ಗಂಟೆ ಹೋಮ್‌ವರ್ಕ್ ಅಂದರೆ ನಾನು ಹೆಚ್ಚು ಹೇಳ್ತಿಲ್ಲ. ಆರಕ್ಕೆ ಆರು. ಸ್ಪ್ಯಾನಿಷ್ ಲೆಕ್ಕಕ್ಕೇ ಇಲ್ಲ. ಲೆಕ್ಕ ಮುರಿಯೋದು ಸೋಮವಾರವೇ. ಆಗ ಮಗು ಏನು ಮಾಡುತ್ತೆ? ಮೊದಲು ನಿದ್ದೆ ಕತ್ತರಿಸುತ್ತೆ. ಅದೂ ಸಾಲದಾದಾಗ ಓದೋ ರೀತಿಯನ್ನೇ ಬದಲಾಯಿಸುತ್ತೆ. ನನಗೆ ಹೆಚ್ಚು ಭಯ ಆಗೋದು ಈ ಎರಡನೇದು.

ತಮ್ಮ: ಅಂದರೆ?

ಅಕ್ಕ: ನನ್ನ ಲ್ಯಾಬಿನದೇ ಹೇಳ್ತೀನಿ. ಎಪಿ ಕೆಮಿಸ್ಟ್ರಿಯಲ್ಲಿ ಪಾಠದ ಕಾಲು ಭಾಗ ಹೊತ್ತು ಲ್ಯಾಬಿಗೇ ಇಡಬೇಕು, ಕಡಿಮೆ ಅಂದರೂ 16 ಪ್ರಯೋಗ ಕೈಯಾರೆ ಮಾಡಿಸಬೇಕು ಅಂತ ನಿಯಮ ಇದೆ. ಅದರಲ್ಲೊಂದು ವಿನೆಗರ್‌ನಲ್ಲಿ ಆಮ್ಲ ಎಷ್ಟಿದೆ ಅಂತ ಕಂಡುಹಿಡಿಯೋ ಟೈಟ್ರೇಷನ್. ಬ್ಯೂರೆಟ್‌ನಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಕೆಳಗೆ ಫ್ಲಾಸ್ಕ್‌ನಲ್ಲಿ ವಿನೆಗರು, ಎರಡು ತೊಟ್ಟು ಫಿನಾಫ್ತಲೀನ್.

ತಮ್ಮ: ಗೊತ್ತು ಗೊತ್ತು. ಪಿಯುಸಿ ಪ್ರಾಕ್ಟಿಕಲ್ಸ್. ಮೂರು ರೀಡಿಂಗ್ ಒಂದೇ ಬರಬೇಕು.

ಅಕ್ಕ: ಅದೇ. ಕೊನೆಯ ಒಂದು ಎಂಎಲ್‌ನಲ್ಲಿ ಇರೋದು ಇಡೀ ಪ್ರಯೋಗ. ತಿಳಿ ಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ನಿಲ್ಲಬೇಕು. ಫ್ಲಾಸ್ಕ್ ಅಲುಗಾಡಿಸಿದಾಗ ಬಣ್ಣ ಮಾಯವಾಗುತ್ತೆ, ಇನ್ನೊಂದು ತೊಟ್ಟು ಬಿಡಬೇಕು, ಮತ್ತೆ ಮಾಯ. ಆ ಹೊತ್ತಿಗೆ ಕೈ ನಿಧಾನವಾಗಬೇಕು. ಹೋದ ವರ್ಷ ಒಬ್ಬ ಹುಡುಗ, ತುಂಬಾ ಚುರುಕು, ಐದು ಎಪಿ. ನಲ್ಲಿ ಪೂರ್ತಿ ತಿರುಗಿಸಿದ, ಫ್ಲಾಸ್ಕ್ ಒಮ್ಮೆಲೇ ರಾಣಿ ಬಣ್ಣಕ್ಕೆ ತಿರುಗಿತು. ಚೆಲ್ಲಿ ಮತ್ತೆ ಮಾಡು ಅಂದೆ. ಗಡಿಯಾರ ನೋಡಿದ. ಮುಂದಿನ ಪೀರಿಯಡ್‌ಗೆ ಹಿಸ್ಟರಿ ಟೆಸ್ಟು. ಪಕ್ಕದವಳ ರೀಡಿಂಗ್ ಬರೆದುಕೊಂಡು ಹೊರಟ. ಅವನ ಲ್ಯಾಬ್ ರಿಪೋರ್ಟ್ ಓದಿದೆ. ಲೆಕ್ಕ ಸರಿ, ವಾಕ್ಯಗಳು ಅಚ್ಚುಕಟ್ಟು, ಉತ್ತರವೂ ಸರಿ. ಅವನು ಕಾಣದ ಪ್ರಯೋಗದ ರಿಪೋರ್ಟು.

ತಮ್ಮ: ಅವನಿಗೆ ಎ ಬಂತಾ?

ಅಕ್ಕ: ವರ್ಷದ ಕೊನೆಗೆ ಎ ಬಂತು. ಮೇ ಪರೀಕ್ಷೆಯಲ್ಲಿ ಐದೂ ಬಂದಿರಬಹುದು. ಅದಕ್ಕೇ ಈ ಅಪಾಯ ಯಾರ ಕಣ್ಣಿಗೂ ಬೀಳಲ್ಲ. ಹುಡುಗ ಕಷ್ಟಪಟ್ಟಿಲ್ಲ ಅಂತ ನಾನು ಅನ್ನಲ್ಲ, ರಾತ್ರಿ ಒಂದು ಗಂಟೆವರೆಗೂ ಎದ್ದಿರ್ತಿದ್ದ. ಆದರೆ ಯಾವ ಲೆಕ್ಕಕ್ಕೂ ಕಾಲು ಗಂಟೆಗಿಂತ ಹೆಚ್ಚು ಕೊಡೋಕೆ ಅವನ ಹತ್ತಿರ ಹೊತ್ತಿರಲಿಲ್ಲ. ಒಂದು ಲೆಕ್ಕ ಬಿಡಿಸಲಾಗದೆ ಒಂದಿಡೀ ಸಂಜೆ ಅದರ ಮುಂದೆ ಕೂರೋದು, ಮಾರನೇ ದಿನ ಸ್ನಾನ ಮಾಡುವಾಗ ಹೊಳೆಯೋದು, ಇದು ಕಾಲೇಜು ಮಟ್ಟದ ಓದಿನ ಜೀವ. ಆರು ಎಪಿ ಒಟ್ಟಿಗೆ ಪೇರಿಸಿದರೆ ಮೊದಲು ಹೋಗೋದು ಅದು. ಯಾವುದಕ್ಕಾಗಿ ಎಪಿ ತಗೊಂಡೆಯೋ ಅದೇ ಕೈಗೆ ಸಿಗಲ್ಲ.

ತಮ್ಮ: ಹಾಗಾದರೆ ಕಾಲೇಜಿನಲ್ಲೂ ನಾಲ್ಕೈದು ಕೋರ್ಸ್ ಒಟ್ಟಿಗೆ ಓದ್ತಾರಲ್ಲ?

ಅಕ್ಕ: ಓದ್ತಾರೆ. ಅವರು ವಾರಕ್ಕೆ ಕ್ಲಾಸಿನಲ್ಲಿ ಕೂರೋದು ಹದಿನೈದು ಗಂಟೆ, ಲ್ಯಾಬಿದ್ದರೆ ಇನ್ನೊಂದಿಷ್ಟು. ಪುಟ್ಟಿ ಮೂವತ್ತೈದು ಗಂಟೆ ಕೂತು ಬರ್ತಾಳೆ, ಆಮೇಲೆ ಮನೆಯಲ್ಲಿ ಓದು ಶುರು. ಕಾಲೇಜಿನ ಪಾಠವನ್ನ ಹೈಸ್ಕೂಲಿನ ಗಡಿಯಾರದಲ್ಲಿ ಓದೋದು ಕಾಲೇಜಿಗಿಂತಲೂ ಕಷ್ಟ ಕಣೋ.

ತಮ್ಮ: ನಿನ್ನ ಮಾತು ಒಪ್ಪಿದೆ ಅಂತಿಟ್ಟುಕೋ. ಅರ್ಜಿ ಓದೋವರು ಲ್ಯಾಬಿನ ಬಣ್ಣ ನೋಡಲ್ಲ. ಟ್ರಾನ್ಸ್‌ಕ್ರಿಪ್ಟ್ ನೋಡ್ತಾರೆ.

ಅಕ್ಕ: ಸರಿ, ಅವರೇನು ನೋಡ್ತಾರೆ ಅಂತ ನೋಡೋಣ. ಕಾಲೇಜುಗಳಿಗೆ ಅರ್ಜಿ ಹಾಕೋ ಕಾಮನ್ ಆ್ಯಪ್‌ನಲ್ಲಿ ಕೌನ್ಸೆಲರ್ ತುಂಬೋ ಒಂದು ಫಾರಂ ಇರುತ್ತೆ. ನಿಮ್ಮ ಶಾಲೆಯ ಉಳಿದ ಮಕ್ಕಳಿಗೆ ಹೋಲಿಸಿದರೆ ಈ ವಿದ್ಯಾರ್ಥಿ ಆರಿಸಿಕೊಂಡ ಓದು ಎಷ್ಟು ಕಠಿಣ ಅಂತ ಕೇಳ್ತಾರೆ. ಐದು ದರ್ಜೆ. ‘ಮೋಸ್ಟ್ ಡಿಮಾಂಡಿಂಗ್’ ಅನ್ನೋದು ಎಲ್ಲಕ್ಕಿಂತ ಮೇಲಿನದು. ಹೋಲಿಕೆ ನಿಮ್ಮ ಶಾಲೆಯೊಳಗೇ. ಮೂರೇ ಎಪಿ ಇರೋ ಶಾಲೆಯ ಮಗುವನ್ನ ಹತ್ತು ಯಾಕಿಲ್ಲ ಅಂತ ಯಾರೂ ಕೇಳಲ್ಲ.

ತಮ್ಮ: ನಮ್ಮ ಶಾಲೆಯಲ್ಲಿ ಇಪ್ಪತ್ತಕ್ಕೂ ಮೇಲೆ ಇವೆ. ನನ್ನ ತಲೆನೋವೇ ಅದು.

ಅಕ್ಕ: ಆ ಮೇಲಿನ ದರ್ಜೆಗೆ ನಿಮ್ಮ ಶಾಲೆ ಎಷ್ಟು ಕೇಳುತ್ತೆ ಅಂತ ಕೌನ್ಸೆಲರನ್ನ ಕೇಳಿದ್ದೀಯಾ? ಒಂದೊಂದು ಶಾಲೆಯ ಅಳತೆ ಒಂದೊಂದು. ಗೆಳತಿಯರ ಅಪ್ಪಂದಿರು ಪಾರ್ಕಿಂಗ್ ಲಾಟ್‌ನಲ್ಲಿ ಹೇಳೋ ಸಂಖ್ಯೆ ಅಳತೆಯಲ್ಲ. ಇನ್ನು ನಮ್ಮ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ನೋಡು. ಅವರು ಜಿಪಿಎ ಲೆಕ್ಕ ಹಾಕುವಾಗ ಎಪಿಯಂಥ ಕೋರ್ಸಿಗೆ ಹೆಚ್ಚಿನ ಅಂಕ ಕೊಡೋದು ಹತ್ತು, ಹನ್ನೊಂದನೇ ತರಗತಿ ಸೇರಿ ಎಂಟು ಸೆಮಿಸ್ಟರ್‌ಗೆ ಮಾತ್ರ. ಅಂದರೆ ವರ್ಷಪೂರ್ತಿಯ ನಾಲ್ಕು ಕೋರ್ಸ್. ಐದನೇದಕ್ಕೆ ಆ ಲೆಕ್ಕದಲ್ಲಿ ಏನೂ ಸೇರಲ್ಲ. ಅರ್ಜಿ ಓದೋವರಿಗೆ ಹೆಚ್ಚಿನ ಕೋರ್ಸುಗಳೂ ಕಾಣ್ತವೆ, ಅದನ್ನ ನಾನು ಮುಚ್ಚಿಡಲ್ಲ. ಆದರೆ ಅಷ್ಟು ದೊಡ್ಡ ವಿಶ್ವವಿದ್ಯಾಲಯವೇ ಇಷ್ಟು ಸಾಕು ಅಂತ ಒಂದು ಗೆರೆ ಎಳೆದಿದೆ.

ತಮ್ಮ: 2018ರಲ್ಲಿ ವಾಷಿಂಗ್ಟನ್ ಕಡೆಯ ಎಂಟು ಖಾಸಗಿ ಶಾಲೆಗಳು ಎಪಿಯನ್ನೇ ಬಿಡ್ತೀವಿ ಅಂದವಲ್ಲ, ಅದನ್ನೂ ಹೇಳ್ತೀಯೇನೋ ಅಂದುಕೊಂಡೆ.

ಅಕ್ಕ: ಅದನ್ನ ಹೇಳಲ್ಲ. ಸಿಡ್‌ವೆಲ್ ಫ್ರೆಂಡ್ಸ್‌ನಂಥ ಶಾಲೆಯ ಹೆಸರೇ ಸಾಕು, ಅಲ್ಲಿನ ಪಾಠ ಹೇಗಿರುತ್ತೆ ಅಂತ ಕಾಲೇಜಿನವರಿಗೆ ಗೊತ್ತು. ಸರ್ಕಾರಿ ಶಾಲೆಯ ಮಗುವಿಗೆ ಎಪಿ ಒಂದು ಸಾಕ್ಷಿ, ಅದು ನಿಜ. ಕೆಲವು ಶಾಲೆಗಳಲ್ಲಿ ಗಂಭೀರವಾಗಿ ಪಾಠ ನಡೆಯೋದು ಎಪಿ ಕ್ಲಾಸಿನಲ್ಲಿ ಮಾತ್ರ. ಅಲ್ಲಿ ಮಗು ಎಪಿಗೆ ಹೋಗಲೇಬೇಕು. ಸೊನ್ನೆ ತಗೋ ಅಂತ ನಾನು ಹೇಳ್ತಿಲ್ಲ ಮಾರಾಯ.

ತಮ್ಮ: ಅಕ್ಕಾ, ಇನ್ನೊಂದು ವಿಷಯ ಇದೆ. ಪುಟ್ಟಿಗೆ ಹೇಳಿಲ್ಲ. ನಮ್ಮ ಗ್ರೀನ್ ಕಾರ್ಡಿನ ಸಾಲು ನಿನಗೆ ಗೊತ್ತೇ ಇದೆ. ಅವಳು ಬೆಂಗಳೂರಲ್ಲಿ ಹುಟ್ಟಿದವಳು. 21 ತುಂಬಿದ ದಿನ ಎಚ್-4 ವೀಸಾ ಹೋಗುತ್ತೆ. ಎಪಿ ಕ್ರೆಡಿಟ್ ಸೇರಿಸಿಕೊಂಡು ಡಿಗ್ರಿ ಮೂರೇ ವರ್ಷಕ್ಕೆ ಮುಗಿಸಿಬಿಟ್ಟರೆ, ಅಷ್ಟರೊಳಗೆ ಒಂದು ದಡ ಸೇರ್ತಾಳೆ ಅನ್ನೋ ಆಸೆ. ಫೆಡರಲ್ ನೆರವಿಗೆ ಅವಳು ಅರ್ಜಿ ಹಾಕೋ ಹಾಗಿಲ್ಲ. ಒಂದು ವರ್ಷದ ಫೀಸು ಉಳಿದರೆ ಅದೂ ದೊಡ್ಡದೇ. ಪರೀಕ್ಷೆಗೆ ಸುಮಾರು ನೂರು ಡಾಲರ್, ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲೂ ಮೂರು ಕ್ರೆಡಿಟ್‌ನ ಒಂದು ಕೋರ್ಸಿಗೆ ಸಾವಿರ ಡಾಲರ್ ದಾಟುತ್ತೆ.

ಅಕ್ಕ: ಇದನ್ನ ಮೊದಲೇ ಹೇಳಬಾರದಿತ್ತಾ? ಈಗ ನಿನ್ನ ಆರು ನನಗೆ ಅರ್ಥ ಆಯ್ತು. ಇದು ಪೈಪೋಟಿಯ ಆಸೆಯಲ್ಲ, ಭಯ. ಆ ಭಯಕ್ಕೆ ಕಾರಣ ಇದೆ, ನಮ್ಮವರ ಎಷ್ಟೋ ಮನೆಗಳಲ್ಲಿ ಇದೆ.

ತಮ್ಮ: ರಾತ್ರಿ ನಿದ್ದೆ ಬರಲ್ಲ ಅಕ್ಕಾ.

ಅಕ್ಕ: ಗೊತ್ತಾಗುತ್ತೆ. ಆದರೆ ಭಯಕ್ಕೆ ಸರಿಯಾದ ಲೆಕ್ಕ ಹಾಕೋಣ. 21 ಆದಾಗ ಡಿಗ್ರಿ ಮುಗಿದಿರಲಿ ಬಿಡಲಿ, ಅವಳು ತನ್ನದೇ ವೀಸಾಕ್ಕೆ ಬದಲಾಗಬೇಕು. ಆಗ ಅವಳು ವಿದ್ಯಾರ್ಥಿನಿಯಾಗಿ ಇದ್ದರೆ ಎಫ್-1ಗೆ ಅರ್ಜಿ ಹಾಕೋ ದಾರಿ ಇರುತ್ತೆ. ಅದರ ಬೆನ್ನಿಗೆ ಓದು ಮುಗಿಸಿ ಕೆಲಸ ಮಾಡೋಕೆ ಓಪಿಟಿ, ವಿಜ್ಞಾನ-ತಂತ್ರಜ್ಞಾನ ಓದಿದವರಿಗೆ ಒಂದು ವರ್ಷದ ಮೇಲೆ ಇನ್ನೆರಡು ವರ್ಷ. ಓದು ಬೇಗ ಮುಗಿಸಿದ ಮಾತ್ರಕ್ಕೆ ದಡ ಸಿಗಲ್ಲ. ಒಮ್ಮೊಮ್ಮೆ ಓದ್ತಾ ಇರೋದೇ ದಡ. ಇದನ್ನ ನನ್ನ ಮಾತಿನ ಮೇಲೆ ತೀರ್ಮಾನ ಮಾಡಬೇಡ, ಒಂದು ದಿನ ಇಮಿಗ್ರೇಷನ್ ವಕೀಲರ ಹತ್ತಿರ ಕೂತು ಬಾ.

ತಮ್ಮ: ಕೂರ್ತೀನಿ. ಆದರೂ ಒಂದು ವರ್ಷ ಉಳಿಯೋದು ಉಳಿಯೋದೇ ಅಲ್ವಾ?

ಅಕ್ಕ: ಉಳಿದರೆ ತಾನೆ! ಇಂಜಿನಿಯರಿಂಗ್ ಓದಿದವನು ನೀನು, ನಿನಗೆ ಗೊತ್ತಿರಬೇಕು. ಅಲ್ಲಿ ಒಂದು ಕೋರ್ಸಿನ ಹಿಂದೆ ಇನ್ನೊಂದು ಸರಪಳಿ ಹಾಗೆ ಕಟ್ಟಿರ್ತಾರೆ. ಮೊದಲ ಸೆಮಿಸ್ಟರಿನ ಗಣಿತ ಬಿಟ್ಟರೂ ಅದರ ಮುಂದಿನದು, ಅದರ ಮುಂದಿನದು ಒಂದೊಂದಾಗಿಯೇ ಬರಬೇಕು. ಹಿಸ್ಟರಿ, ಇಂಗ್ಲಿಷ್ ಕ್ರೆಡಿಟ್‌ಗಳು ನಿಜವಾಗಿ ಹೊತ್ತು ಉಳಿಸ್ತವೆ, ಎಲ್ಲರೂ ಓದಲೇಬೇಕಾದ ಸಾಮಾನ್ಯ ಕೋರ್ಸುಗಳ ಜಾಗ ತುಂಬ್ತವೆ. ಅವನ್ನ ಪುಟ್ಟಿ ತನ್ನ ನಾಲ್ಕರಲ್ಲೇ ಬರೆದುಕೊಂಡಿದ್ದಾಳೆ ನೋಡು. ಮೆಡಿಕಲ್ ಕಡೆ ಮನಸ್ಸು ಹೋದರೆ ಇನ್ನೊಂದು ತೊಡಕು, ಹಲವು ಮೆಡಿಕಲ್ ಕಾಲೇಜುಗಳು ಕೆಮಿಸ್ಟ್ರಿಗೆ ಎಪಿ ಸ್ಕೋರ್ ಸಾಲದು, ಕಾಲೇಜಿನಲ್ಲೇ ಓದಿರಬೇಕು ಅಂತವೆ. ಡಾರ್ಟ್‌ಮತ್ 2018ರಲ್ಲಿ ಡಿಗ್ರಿ ಮುಗಿಸಿದ ತಂಡದಿಂದಲೇ ಎಪಿಗೆ ಕ್ರೆಡಿಟ್ ಕೊಡೋದು ನಿಲ್ಲಿಸಿಬಿಟ್ಟಿತು. ಕ್ರೆಡಿಟ್ ಉಳಿಸೋದೇ ಗುರಿಯಾದರೆ ಅವಳು ಸೇರಬಹುದಾದ ಕಾಲೇಜುಗಳ ಕ್ರೆಡಿಟ್ ಪಟ್ಟಿ ಮುಂದಿಟ್ಟುಕೊಂಡು ಆರಿಸಬೇಕು. ಸುಮ್ಮನೆ ಆರು ಅಂದರೆ ಆಗಲ್ಲ.

ತಮ್ಮ: ಓದಿನ ಹೊರೆ ಅಂದಾಗ ನೆನಪಾಯ್ತು, ನಮ್ಮ ಪಕ್ಕದ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೊದಲ್ಲಿ 2015ರಲ್ಲಿ ಆದ ಗಲಾಟೆ ಬಗ್ಗೆ ಇಲ್ಲಿನವರು ಈಗಲೂ ಮಾತಾಡ್ತಾರೆ. ನಾವಾಗ ಹೊಸದಾಗಿ ಬಂದಿದ್ವಿ.

ಅಕ್ಕ: ನನಗೂ ನೆನಪಿದೆ. ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟ್ ಡೇವಿಡ್ ಆಡರ್‌ಹೋಲ್ಡ್ ಹೆತ್ತವರಿಗೆ ಉದ್ದನೆ ಪತ್ರ ಬರೆದರು. ಒಂದು ಶಾಲಾ ವರ್ಷದಲ್ಲಿ 120 ಮಕ್ಕಳನ್ನ ಮಾನಸಿಕ ತಪಾಸಣೆಗೆ ಕಳಿಸಬೇಕಾಯ್ತು, 40 ಮಕ್ಕಳು ಆಸ್ಪತ್ರೆ ಸೇರಿದರು ಅಂತ ಅದರಲ್ಲಿ ಇತ್ತು. ಹೋಮ್‌ವರ್ಕ್ ಇಲ್ಲದ ರಾತ್ರಿಗಳನ್ನ ತಂದರು, ಹೈಸ್ಕೂಲಿನ ಮಿಡ್‌ಟರ್ಮ್, ಫೈನಲ್ ಪರೀಕ್ಷೆ ತೆಗೆದರು.

ತಮ್ಮ: ಹೆತ್ತವರು ಎರಡು ಪಾಲಾದರು. ನಮ್ಮ ಕಡೆಯವರೂ ಚೀನಾದಿಂದ ಬಂದವರೂ ಬಹಳ ಜನ, ಮಕ್ಕಳ ಓದಿನ ಮಟ್ಟ ಇಳಿಸ್ತಿದ್ದಾರೆ ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ನನಗೆ ಅನಿಸಲಿಲ್ಲ. ಓದು ಒಂದನ್ನೇ ನಂಬಿ ಎರಡು ಸೂಟ್‌ಕೇಸ್ ಹಿಡಿದು ಬಂದವರಿಗೆ ಅದೂ ಸಡಿಲವಾದರೆ ಹೆದರಿಕೆ ಆಗುತ್ತೆ.

ಅಕ್ಕ: ಹೌದು. ಅವರನ್ನ ಹಳಿಯೋಕೆ ನನಗೂ ಮನಸ್ಸಾಗಲ್ಲ. ಆದರೆ ಆ 40 ಮಕ್ಕಳಲ್ಲಿ ಒಬ್ಬರ ಅಪ್ಪ ಅಮ್ಮನೂ ಇದು ನಮ್ಮ ಮನೆಗೆ ಬರುತ್ತೆ ಅಂದುಕೊಂಡಿರಲಿಲ್ಲ. ಪುಟ್ಟಿ ಹೇಗಿದ್ದಾಳೆ ಈಗ?

ತಮ್ಮ: ಚೆನ್ನಾಗಿದ್ದಾಳೆ. ಈ ವರ್ಷ ಎಪಿ ವರ್ಲ್ಡ್ ಹಿಸ್ಟರಿ ಇದೆ. ಊಟಕ್ಕೆ ಕೂತಾಗ ಮಂಗೋಲರು, ಸಾಂಬಾರ ಪದಾರ್ಥದ ವ್ಯಾಪಾರ ಅಂತೆಲ್ಲ ಹೇಳ್ತಿರ್ತಾಳೆ. ನಮ್ಮ ಮಲೆನಾಡಿನ ಕಾಳುಮೆಣಸು ಎಲ್ಲೆಲ್ಲಿಗೆ ಹೋಗ್ತಿತ್ತು ಅಂತ ಅಮ್ಮನಿಗೆ ಫೋನಲ್ಲಿ ಅರ್ಧ ಗಂಟೆ ಹೇಳಿದಳು.

ಅಕ್ಕ: ಬರುವ ವರ್ಷ ಆ ಅರ್ಧ ಗಂಟೆ ಇರುತ್ತಾ? ಯು.ಎಸ್. ಹಿಸ್ಟರಿ ಎಪಿಯಲ್ಲಿ ಏಳು ದಾಖಲೆ ಮುಂದಿಟ್ಟು, ಇವುಗಳ ಆಧಾರದ ಮೇಲೆ ವಾದ ಕಟ್ಟು ಅಂತಾರೆ. ಒಂದು ಪತ್ರ, ಒಂದು ವ್ಯಂಗ್ಯಚಿತ್ರ, ಒಂದು ಭಾಷಣ. ಇದನ್ನ ಬರೆದವನು ಯಾರು, ಯಾರಿಗಾಗಿ ಬರೆದ, ಏನನ್ನ ಬಿಟ್ಟ ಅಂತ ಯೋಚಿಸಬೇಕು. ಪುಟ್ಟಿಯಂಥ ಹುಡುಗಿಗೆ ಹೇಳಿ ಮಾಡಿಸಿದ ಓದು ಅದು. ಹೊತ್ತಿಲ್ಲದ ಮಗು ಅದನ್ನ ಪಾಯಿಂಟ್ ಗಿಟ್ಟಿಸೋ ಸೂತ್ರವಾಗಿ ಬಾಯಿಪಾಠ ಮಾಡುತ್ತೆ. ಹಾಗೆ ಬಾಯಿಪಾಠ ಮಾಡಿದವರು ಊಟಕ್ಕೆ ಕೂತಾಗ ಏನೂ ಹೇಳಲ್ಲ.

ತಮ್ಮ: ಹಾಗಾದರೆ ಅವಳ ನಾಲ್ಕೇ ಇರಲಿ ಅಂತೀಯಾ?

ಅಕ್ಕ: ಅವಳ ನಾಲ್ಕೇ. ಹಿಸ್ಟರಿ, ಇಂಗ್ಲಿಷ್ ಎರಡೂ ಓದಿಸೋ ವಿಷಯ, ಬರೆಸೋ ವಿಷಯ. ನನ್ನನ್ನ ಕೇಳಿದರೆ ಅದರಲ್ಲೊಂದನ್ನ ಆನರ್ಸ್‌ಗೆ ಇಳಿಸಿ ಮೂರು ಮಾಡಿಕೋ ಅಂತಿದ್ದೆ. ಆದರೆ ನಾಲ್ಕನ್ನ ಅವಳೇ ಆರಿಸಿದ್ದಾಳೆ, ಅದಕ್ಕೊಂದು ಬೆಲೆ ಇದೆ. ತಾನೇ ಎತ್ತಿಕೊಂಡದ್ದನ್ನ ಮಕ್ಕಳು ಹೊರೋ ರೀತಿಯೇ ಬೇರೆ. ಫಿಸಿಕ್ಸ್ ಸಿ ಪೂರ್ತಿ ಕ್ಯಾಲ್ಕುಲಸ್ ಮೇಲೆ ನಿಂತಿದೆ. ಬರುವ ವರ್ಷ ಬಿಸಿ ಮುಗಿಸಿ ಹನ್ನೆರಡರಲ್ಲಿ ತಗೊಂಡರೆ ಸೂತ್ರ ಎಲ್ಲಿಂದ ಬಂತು ಅನ್ನೋದು ಕಾಣುತ್ತೆ. ಹನ್ನೆರಡರಲ್ಲಿ ಏನು ಓದ್ತಿದ್ದಾಳೆ ಅನ್ನೋದೂ ಅರ್ಜಿಯಲ್ಲಿ ಇರುತ್ತೆ.

ತಮ್ಮ: ಕಂಪ್ಯೂಟರ್ ಸೈನ್ಸ್?

ಅಕ್ಕ: ಅದರಲ್ಲಿ ಇರೋದು ಜಾವಾ. ಆಸೆಯಿದ್ದರೆ ಯಾವಾಗ ಬೇಕಾದರೂ ಕಲೀಬಹುದು, ಮನೆಯಲ್ಲಿ ನೀನಿದ್ದೀಯ. ಭಾನುವಾರದ ಕನ್ನಡ ಕ್ಲಾಸ್ ಮಾತ್ರ ನಿಲ್ಲಿಸಬೇಡ.

ತಮ್ಮ: ಅದು ಅರ್ಜಿಯಲ್ಲಿ ಚೆನ್ನಾಗಿ ಕಾಣುತ್ತೆ ಅಂತಾನಾ?

ಅಕ್ಕ: ಅಲ್ಲ. ಕಂಡರೆ ಕಾಣಲಿ. ವಾರದಲ್ಲಿ ಗ್ರೇಡ್ ಇಲ್ಲದ ಹೊತ್ತು ಅವಳಿಗೆ ಅದೊಂದೇ ಇರೋದು. ಐದು ವರ್ಷದ ಮಗು ‘ಳ’ ಬರೆಯೋಕೆ ಬಾರದೆ ಅಳ್ತಾ ಇದ್ದರೆ ಅದರ ಕೈ ಹಿಡಿದು ತಿದ್ದಿಸ್ತಾಳೆ. ಹೋದ ಸಲ ಬಂದಾಗ ಹಿಂದಿನ ಬೆಂಚಲ್ಲಿ ಕೂತು ನೋಡಿದೀನಿ. ಅಲ್ಲಿ ಅವಳು ದೊಡ್ಡವಳು, ಯಾರಿಗೋ ಬೇಕಾದವಳು. ಉಳಿದ ಆರು ದಿನ ಅವಳು ಎಲ್ಲರ ಮುಂದೆ ಪರೀಕ್ಷೆಗೆ ನಿಂತಿರ್ತಾಳೆ.

ತಮ್ಮ: ಕೌನ್ಸೆಲರ್‌ಗೆ ಏನೇನು ಕೇಳಲಿ, ಹೇಳು. ಬರೆದುಕೊಳ್ತೀನಿ.

ಅಕ್ಕ: ಆ ‘ಮೋಸ್ಟ್ ಡಿಮಾಂಡಿಂಗ್’ ಗುರುತಿಗೆ ಶಾಲೆಯ ಅಳತೆ ಏನು ಅಂತ. ಆಮೇಲೆ, ಎಪಿ ಭಾರ ಅನಿಸಿದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಗುರುತು ಬೀಳದ ಹಾಗೆ ಆನರ್ಸ್‌ಗೆ ಇಳಿಯೋಕೆ ಕೊನೆಯ ದಿನ ಯಾವುದು. ಮತ್ತೆ ಹನ್ನೆರಡರಲ್ಲಿ ಫಿಸಿಕ್ಸ್ ಸಿ ಎಷ್ಟು ಸೆಕ್ಷನ್ ನಡೆಸ್ತಾರೆ. ಒಂದೇ ಇದ್ದು, ಅದೇ ಪೀರಿಯಡ್‌ನಲ್ಲಿ ಇನ್ನೊಂದು ಬೇಕಾದ ಕ್ಲಾಸ್ ಇದ್ದರೆ ಎಲ್ಲಾ ತಲೆಕೆಳಗಾಗುತ್ತೆ. ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಯಾರಿಗಾದರೂ ಹಾಗಾಗುತ್ತೆ.

ತಮ್ಮ: ನಾಳೆ ಬೆಳಗ್ಗೆನೇ ಮೇಲ್ ಹಾಕ್ತೀನಿ.

ಅಕ್ಕ: ನೀನು ಬೇಡ, ಪುಟ್ಟಿ ಹಾಕಲಿ. ಕೌನ್ಸೆಲರ್ ಮುಂದೆ ಶಿಫಾರಸು ಬರೆಯೋದು ಅವಳಿಗೆ. ಗ್ರೀನ್ ಕಾರ್ಡಿನ ವಿಷಯವನ್ನೂ ಅವಳಿಗೆ ಹೇಳು. ಹದಿನಾರು ವರ್ಷದವಳು, ಅಪ್ಪ ಯಾಕೆ ರಾತ್ರಿ ಎದ್ದು ಓಡಾಡ್ತಾನೆ ಅಂತ ಅವಳು ಗಮನಿಸಿಲ್ಲ ಅಂದುಕೊಂಡಿದ್ದೀಯಾ?

ತಮ್ಮ: ಹೇಳ್ತೀನಿ. ಫಿಸಿಕ್ಸ್ ಮಾತ್ರ ಇನ್ನೂ ನನ್ನ ಮನಸ್ಸಿಂದ ಹೋಗಿಲ್ಲ ಅಕ್ಕಾ.

ಅಕ್ಕ: ಹೋಗಬೇಕಾಗಿಲ್ಲ. ಜೂನ್‌ನಲ್ಲಿ ರಜ ಬರುತ್ತೆ. ಅವಳು ಹೂಂ ಅಂದರೆ ವಾರಕ್ಕೆರಡು ಸಂಜೆ ನೀನೇ ಮೆಕ್ಯಾನಿಕ್ಸ್ ಹೇಳಿಕೊಡು. ಜಾರೋ ಹಲಗೆ, ರಾಟೆ, ಲೋಲಕ, ನಿನಗೆ ಇಷ್ಟವಾದಲ್ಲಿಂದ ಶುರು ಮಾಡು.